ನೀವೆಲ್ಲಿದ್ದೀರಿ ಎಂದು ಜಾಲತಾಣಕ್ಕೆ ಹೇಳಿದ್ದು ಯಾರು?

ಹೋದ ಸಂಚಿಕೆಯಲ್ಲಿ ಪಾಸ್‌ವರ್ಡ್ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಪಾಸ್‌ವರ್ಡಿನ ಮಾತು ಕಡಿಮೆ, "ವೆಬ್‌ಸೈಟಿಗೆ ನಾನಿರೋ ಜಾಗ ಹೇಗೆ ಗೊತ್ತು ಮೇಡಂ?" ಅನ್ನೋದೇ ಹೆಚ್ಚು. ಸರ್ವರ್, ಅಂದರೆ ಕೇಳಿದವರಿಗೆ ಜಾಲತಾಣದ ಪುಟ ಕಳಿಸುವ ಕಂಪ್ಯೂಟರ್, ನೋಡಿಕೊಳ್ಳುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು. ನೀವು ಪುಟ ತೆರೆದಾಗ ಆ ಕಡೆ ಕೂತವರ ಕಣ್ಣಿಗೆ ಏನು ಬೀಳುತ್ತದೆ ಎಂದು ದಿನಾ ನೋಡಿದವಳು ನಾನು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಯಾವುದೋ ಲಿಂಕ್ ಒತ್ತಿದೆ. ಪರದೆ ತುಂಬ ಕೆಂಪು ಎಚ್ಚರಿಕೆ, ಜೊತೆಗೆ ಕಿವಿ ಹರಿಯೋ ಶಬ್ದ. ನನ್ನ ಐಪಿ ವಿಳಾಸ, ಊರು, 'ವಿಂಡೋಸ್ 10, ಕ್ರೋಮ್' ಎಂದೆಲ್ಲ ಬರೆದು, ಕಂಪ್ಯೂಟರ್ ಹ್ಯಾಕ್ ಆಗಿದೆ, ಈ ನಂಬರಿಗೆ ಕೂಡಲೇ ಕರೆ ಮಾಡಿ ಎಂದಿತ್ತು. ನನ್ನದು ವಿಂಡೋಸ್ 11. ಊರೂ ಸರಿ ಇರಲಿಲ್ಲ, ದೂರದ ದೊಡ್ಡ ನಗರದ ಹೆಸರಿತ್ತು. ಆದರೂ ಒಳಗೆ ಹೊಕ್ಕದೆ ಇಷ್ಟೆಲ್ಲ ಹೇಗೆ ತಿಳಿಯಿತು? (ನಿವೃತ್ತ ಶಿಕ್ಷಕರು)

ಉತ್ತರ: ಕರೆ ಮಾಡಲಿಲ್ಲ ತಾನೆ ಸರ್? ಮಾಡದಿದ್ದರೆ, ಆ ಪುಟದಿಂದ ಏನನ್ನೂ ಇಳಿಸಿಕೊಳ್ಳದಿದ್ದರೆ, ನೆಮ್ಮದಿಯಾಗಿರಿ. ನಿಮ್ಮ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕಂಪ್ಯೂಟರಿನ ಒಳಹೊಕ್ಕ ಕಳ್ಳನಿಗೆ ಅದು ಹತ್ತೋ ಹನ್ನೊಂದೋ ಎಂದು ಗೊತ್ತಿರಬೇಡವೆ? ಅವನು ಒಳಗೆ ಬಂದೇ ಇಲ್ಲ. ನಿಮ್ಮ ಬ್ರೌಸರ್ ಎಲ್ಲ ಜಾಲತಾಣಗಳಿಗೂ ತಾನಾಗಿ ಕಳಿಸುವ ಒಂದು ಸಾಲನ್ನು ಓದಿ ನಿಮಗೇ ತಿರುಗಿಸಿ ತೋರಿಸಿದ್ದಾನೆ. ಆ ಸಾಲಿನಲ್ಲಿ ವಿಂಡೋಸ್ 11 ಕೂಡ 'ವಿಂಡೋಸ್ ಎನ್‌ಟಿ 10.0' ಎಂದೇ ಹೇಳಿಕೊಳ್ಳುತ್ತದೆ. ಊರಿನ ಹೆಸರು ಯಾಕೆ ತಪ್ಪಿತು ಎನ್ನುವುದು ಮುಂದಿನ ಪ್ರಶ್ನೆಯ ಉತ್ತರದಲ್ಲಿದೆ.

ಯಾರು ಬಂದರು, ಏನು ಕೇಳಿದರು ಎಂದು ಸರ್ವರ್ ಬರೆದಿಡುವ ಲಾಗ್ ಫೈಲಿನಲ್ಲಿ ನಿಮ್ಮ ಭೇಟಿ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಸಾಲಿನ ಮೊದಲಿಗೆ 203.0.113.45 ಎಂಬಂಥ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕದ ಸಂಖ್ಯೆ. (ಈ ಸಂಖ್ಯೆ ಯಾರದೂ ಅಲ್ಲ; ಉದಾಹರಣೆ ಬರೆಯುವವರಿಗೆಂದೇ ಎತ್ತಿಟ್ಟದ್ದು.) ನಂತರ ಚೌಕ ಕಂಸದಲ್ಲಿ ತಾರೀಕು, ಗಂಟೆ, ನಿಮಿಷ, ಸೆಕೆಂಡು. ನೀವು ಕೇಳಿದ ಪುಟ ಯಾವುದು, ಕೊಟ್ಟೆವೋ ಇಲ್ಲವೋ: 200 ಅಂದರೆ ಕೊಟ್ಟೆವು, 404 ಅಂದರೆ ಅಂಥ ಪುಟ ಇಲ್ಲ. ಯಾವ ಜಾಲತಾಣದ ಲಿಂಕ್ ಹಿಡಿದು ಬಂದಿರಿ ಎನ್ನುವುದು. ಕೊನೆಗೆ ಬ್ರೌಸರಿನ ಪರಿಚಯ: 'ಮೊಜಿಲ್ಲಾ/5.0', ಕಂಸದಲ್ಲಿ ವಿಂಡೋಸ್ ಎನ್‌ಟಿ 10.0, ಆಮೇಲೆ ಆಪಲ್‌ವೆಬ್‌ಕಿಟ್, ಅದರ ಹಿಂದೆ ಗೆಕ್ಕೋ, ಕ್ರೋಮ್, ಕಡೆಗೆ ಸಫಾರಿ. ಬಂದಿರುವುದು ಕ್ರೋಮ್ ಒಂದೇ. ಹಿಂದೆ ಕೆಲವು ಜಾಲತಾಣಗಳು ತಮಗೆ ಪರಿಚಯವಿದ್ದ ಬ್ರೌಸರಿಗೆ ಮಾತ್ರ ಚೆಂದದ ಪುಟ ಕೊಡುತ್ತಿದ್ದವು. ಹಾಗಾಗಿ ಹೊಸದಾಗಿ ಬಂದ ಪ್ರತಿ ಬ್ರೌಸರೂ ಹಳಬರ ಹೆಸರನ್ನು ತಗುಲಿಸಿಕೊಂಡಿತು. ಆ ಬಾಲ ಇವತ್ತಿಗೂ ಉದುರಿಲ್ಲ.

ಹಾಗಾಗಿ ಇದನ್ನು ಪೂರ್ತಿ ನಂಬುವಂತೆಯೂ ಇಲ್ಲ. ಆಪಲ್‌ನದೇ ಚಿಪ್ ಇರುವ ಹೊಸ ಮ್ಯಾಕ್ ಕಂಪ್ಯೂಟರ್ ಕೂಡ 'ಇಂಟೆಲ್ ಮ್ಯಾಕ್' ಎನ್ನುತ್ತದೆ. ಆಂಡ್ರಾಯ್ಡ್ ಫೋನಿನ ಕ್ರೋಮ್ ಮೊದಲು ಫೋನಿನ ಮಾದರಿಯನ್ನೂ ಒದರಿಬಿಡುತ್ತಿತ್ತು. ಈಗ ಯಾವ ಫೋನಾದರೂ 'ಆಂಡ್ರಾಯ್ಡ್ 10, ಕೆ' ಎಂದಷ್ಟೇ ಹೇಳುತ್ತದೆ. ಜಾಲತಾಣ ಬಿಡದೆ ಬೇರೆ ದಾರಿಯಲ್ಲಿ ಕೇಳಿದರೆ ನಿಜವಾದ ಮಾದರಿಯನ್ನು ಕೊಡುವುದೂ ಉಂಟು. ನಿಮ್ಮನ್ನು ಹೆದರಿಸಿದವನಿಗೆ ಅಷ್ಟು ಕಷ್ಟಪಡುವ ತಾಳ್ಮೆಯೂ ಇರಲಿಲ್ಲ.

ಮುಂದೆ ಹೀಗಾದರೆ ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿಯಿರಿ, ತುಂಬುಪರದೆ ಹೋಗುತ್ತದೆ; ಟ್ಯಾಬ್ ಮುಚ್ಚಿ. ಮುಚ್ಚಲು ಬಿಡದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನೇ ನಿಲ್ಲಿಸಿ. ಮತ್ತೆ ತೆರೆದಾಗ 'ಹಳೆಯ ಪುಟಗಳನ್ನು ತೆರೆಯಲೇ?' ಎಂದರೆ ಬೇಡ ಎನ್ನಿ.

ಪ್ರಶ್ನೆ: ಒಂದು ಜಾಲತಾಣ ನಾನು ಒಂದು ಊರಿನಲ್ಲಿದ್ದೇನೆ ಎನ್ನುತ್ತದೆ, ಇನ್ನೊಂದು ಬೇರೆ ಊರು ಹೇಳುತ್ತದೆ. ಮೊಬೈಲ್ ಡೇಟಾಗೆ ಬದಲಾಯಿಸಿದರೆ ಮೂರನೆಯದು. ಐಪಿ ವಿಳಾಸ ಅಂದಮೇಲೆ ವಿಳಾಸವೇ ಅಲ್ಲವೆ? (ಪದವಿ ವಿದ್ಯಾರ್ಥಿನಿ)

ಉತ್ತರ: ಅದು ನೆಟ್‌ವರ್ಕಿನ ವಿಳಾಸ, ನಿಮ್ಮ ಕುರ್ಚಿಯದ್ದಲ್ಲ. ಕೇಳಿದ ಪುಟ ವಾಪಸ್ ಬರಬೇಕಾದರೆ ಎಲ್ಲಿಗೆ ಕಳಿಸಬೇಕೆಂದು ಸರ್ವರಿಗೆ ಗೊತ್ತಿರಲೇಬೇಕು, ಅದಕ್ಕೆ ಈ ಸಂಖ್ಯೆ. ಇದನ್ನು ಮುಚ್ಚಿಟ್ಟು ಇಂಟರ್ನೆಟ್ ಬಳಸಲಾಗದು. ಹೆಚ್ಚೆಂದರೆ ನಡುವೆ ಇನ್ನೊಬ್ಬರನ್ನು ನಿಲ್ಲಿಸಿ ಅವರ ಸಂಖ್ಯೆ ತೋರಿಸಬಹುದು; ವಿಪಿಎನ್ ಮಾಡುವುದು ಅದನ್ನೇ.

ಜಗತ್ತಿನಲ್ಲಿ ಐದು ಪ್ರಾದೇಶಿಕ ಸಂಸ್ಥೆಗಳು ಈ ಸಂಖ್ಯೆಗಳನ್ನು ಕಟ್ಟುಕಟ್ಟಾಗಿ ಹಂಚುತ್ತವೆ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಎಪಿನಿಕ್, ಯೂರೋಪಿನ ಕಡೆಗೆ ರೈಪ್, ಹೀಗೆ. ಇಂಟರ್ನೆಟ್ ಕೊಡುವ ಕಂಪನಿ ಒಂದು ಕಟ್ಟು ಪಡೆದು ತನಗೆ ಬೇಕಾದ ಕಡೆ ಬಳಸುತ್ತದೆ. ಯಾವ ಸಂಖ್ಯೆ ಯಾವ ಊರಿನಲ್ಲಿ ಓಡುತ್ತಿದೆ ಎಂದು ಹೇಳುವ ಸರ್ಕಾರಿ ಪಟ್ಟಿ ಯಾವುದೂ ಇಲ್ಲ. ಮ್ಯಾಕ್ಸ್‌ಮೈಂಡ್ ಥರದ ಖಾಸಗಿ ಕಂಪನಿಗಳು ಅಲ್ಲಿ ಇಲ್ಲಿ ಸಿಕ್ಕ ಸುಳಿವು ಸೇರಿಸಿ ಅಂದಾಜು ಪಟ್ಟಿ ಮಾಡಿ ಮಾರುತ್ತವೆ. ನೀವು ನೋಡಿದ ಎರಡು ಜಾಲತಾಣಗಳು ಎರಡು ಬೇರೆ ಪಟ್ಟಿಗಳನ್ನು ಕೊಂಡಿರುತ್ತವೆ, ಅಷ್ಟೆ. ದೇಶ ಸಾಮಾನ್ಯವಾಗಿ ಸರಿ ಬರುತ್ತದೆ. ಊರು ಬಂದರೆ ಬಂತು.

ಮೊಬೈಲಿನದು ಇನ್ನೂ ಗೋಜಲು. ಹಳೆಯ ಮಾದರಿಯ ಐಪಿ ಸಂಖ್ಯೆಗಳು ಇರುವುದೇ ಸುಮಾರು 430 ಕೋಟಿ. ಇಷ್ಟೊಂದು ಫೋನುಗಳಿಗೆ ಅವು ಸಾಲವು. ಹಾಗಾಗಿ ಮೊಬೈಲ್ ಕಂಪನಿಗಳು ಎಷ್ಟೋ ಗಿರಾಕಿಗಳನ್ನು ಒಂದೇ ಸಂಖ್ಯೆಯ ಹಿಂದೆ ಕೂರಿಸುತ್ತವೆ, ಆ ಸಂಖ್ಯೆ ಹೊರಗೆ ಕಾಣುವುದು ಕಂಪನಿಯ ದೊಡ್ಡ ಯಂತ್ರ ಇರುವ ನಗರದಿಂದ. ನಿಮ್ಮ 'ಮೂರನೆಯ ಊರು' ಅದೇ.

ಈ ಅಂದಾಜನ್ನು ಸತ್ಯವೆಂದು ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆ ಸಾಕ್ಷಿ. ಅಮೆರಿಕದ್ದು ಎಂದಷ್ಟೇ ಗೊತ್ತು, ಊರು ಗೊತ್ತಿಲ್ಲ ಎಂಬಂಥ ಸಂಖ್ಯೆಗಳಿಗೆ ಮ್ಯಾಕ್ಸ್‌ಮೈಂಡ್ ದೇಶದ ನಡುಮಧ್ಯದ ಒಂದು ಬಿಂದುವನ್ನು ಕೊಡುತ್ತಿತ್ತು. ನಿಜವಾದ ಮಧ್ಯಬಿಂದುವಿಗೆ ಉದ್ದನೆಯ ದಶಮಾಂಶ. ಅದರ ಬದಲು ಸರಳವಾಗಲೆಂದು ಪೂರ್ಣಸಂಖ್ಯೆಯಲ್ಲಿ ಉತ್ತರಕ್ಕೆ 38, ಪಶ್ಚಿಮಕ್ಕೆ 97 ಡಿಗ್ರಿ ಎಂದು ಇಟ್ಟರು. ಆ ಬಿಂದುವಿನ ಬಳಿ, ಪಾಟ್ವಿನ್ ಎಂಬ ಸಣ್ಣ ಊರಿನ ಹೊರಗೆ, ಒಬ್ಬ ವೃದ್ಧೆಯ ತೋಟವಿತ್ತು. 60 ಕೋಟಿಗೂ ಹೆಚ್ಚು ಐಪಿ ಸಂಖ್ಯೆಗಳು ಅವರ ಮನೆಗೆ ಬೆರಳು ತೋರಿಸುತ್ತಿದ್ದವು! ಕದ್ದ ವಸ್ತು ಹುಡುಕುವವರು, ತೆರಿಗೆಯವರು, ಓಡಿಹೋದ ಮಕ್ಕಳನ್ನು ಅರಸುವ ಪೊಲೀಸರು, ಆತ್ಮಹತ್ಯೆ ತಡೆಯಲು ಬಂದ ಆಂಬುಲೆನ್ಸ್ ಎಲ್ಲವೂ ವರ್ಷಗಟ್ಟಲೆ ಅವರ ಬಾಗಿಲಿಗೆ ಬಂದವು. ಕಾರಣ ಏನೆಂದು ಆ ಮನೆಯವರಿಗೆ ಗೊತ್ತಾದದ್ದು 2016ರಲ್ಲಿ, ಪತ್ರಕರ್ತೆಯೊಬ್ಬರು ಬೆನ್ನು ಹತ್ತಿದ ಮೇಲೆ. ಕಂಪನಿ ಆಮೇಲೆ ಆ ಬಿಂದುವನ್ನು ಒಂದು ಜಲಾಶಯದ ನೀರಿನೊಳಕ್ಕೆ ಸರಿಸಿತು. ಅಲ್ಲಿ ಬಾಗಿಲು ಬಡಿಯಲು ಯಾರದೂ ಮನೆ ಇಲ್ಲವಲ್ಲ.

'ಐಪಿ ಹಾಕಿದರೆ ಮನೆ ತೋರಿಸುತ್ತೇವೆ' ಎನ್ನುವ ಜಾಲತಾಣಗಳ ನಕ್ಷೆಯ ಮೇಲಿನ ಆ ಕೆಂಪು ಗುರುತನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಗೊತ್ತಿರುವುದು ಊರಿನಷ್ಟು ಅಗಲ, ತೋರಿಸುವುದು ಸೂಜಿಮೊನೆಯಷ್ಟು.

ಪ್ರಶ್ನೆ: ಹಾಗಾದರೆ ನಕ್ಷೆಯ ಜಾಲತಾಣ ನನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ಮನೆಯನ್ನೇ ತೋರಿಸುತ್ತದಲ್ಲ? ಲ್ಯಾಪ್‌ಟಾಪಿನಲ್ಲಿ ಜಿಪಿಎಸ್ ಇಲ್ಲ. (ಗೃಹಿಣಿ)

ಉತ್ತರ: ಅದಕ್ಕೆ ನೀವೇ ಅನುಮತಿ ಕೊಟ್ಟಿದ್ದೀರಿ ತಾಯಿ. 'ಈ ಜಾಲತಾಣ ನಿಮ್ಮ ಸ್ಥಳ ತಿಳಿಯಬಯಸುತ್ತದೆ' ಎಂದು ಮೇಲೆ ಮೂಲೆಯಲ್ಲಿ ಒಂದು ಚೌಕ ಬಂದಿರುತ್ತದೆ, ಅವಸರದಲ್ಲಿ 'ಅಲೋ' ಒತ್ತಿರುತ್ತೀರಿ. ಇದು ಐಪಿಯ ದಾರಿಯೇ ಅಲ್ಲ.

ನಿಮ್ಮ ಲ್ಯಾಪ್‌ಟಾಪಿಗೆ ಸುತ್ತಮುತ್ತಲ ವೈಫೈಗಳೆಲ್ಲ ಕಾಣುತ್ತವೆ: ನಿಮ್ಮದು, ಪಕ್ಕದ ಮನೆಯದು, ಮೇಲಿನ ಮಹಡಿಯದು. ಪ್ರತಿಯೊಂದು ವೈಫೈ ಪೆಟ್ಟಿಗೆಯೂ ತನ್ನದೇ ಒಂದು ಗುರುತಿನ ಸಂಖ್ಯೆಯನ್ನು ಬಿತ್ತರಿಸುತ್ತಲೇ ಇರುತ್ತದೆ. ಜಿಪಿಎಸ್ ಇರುವ ಫೋನುಗಳು ಓಡಾಡುತ್ತ ಯಾವ ಪೆಟ್ಟಿಗೆ ಎಲ್ಲಿ ಸಿಕ್ಕಿತು ಎಂದು ಗೂಗಲ್, ಆಪಲ್‌ನಂಥ ಕಂಪನಿಗಳಿಗೆ ವರದಿ ಕೊಟ್ಟಿವೆ. ನೀವು 'ಅಲೋ' ಎಂದ ಕೂಡಲೇ ಕಾಣುವ ಪೆಟ್ಟಿಗೆಗಳ ಪಟ್ಟಿ, ಒಂದೊಂದರ ಸಿಗ್ನಲ್ ಎಷ್ಟು ಜೋರಾಗಿದೆ ಎನ್ನುವುದು ಆ ಕಂಪನಿಗೆ ಹೋಗುತ್ತದೆ. ಅಲ್ಲಿಂದ ಅಕ್ಷಾಂಶ, ರೇಖಾಂಶ ಬರುತ್ತದೆ. ಮನೆಗಳು ಒತ್ತೊತ್ತಾಗಿರುವ ಕಡೆ ಇದು ಹತ್ತಾರು ಮೀಟರಿನಷ್ಟು ನಿಖರ. ಮನೆ ಬದಲಿಸಿ ಹಳೆಯ ವೈಫೈ ಪೆಟ್ಟಿಗೆಯನ್ನು (ರೌಟರ್) ಜೊತೆಗೆ ಒಯ್ದವರಿಗೆ ನಕ್ಷೆ ಸ್ವಲ್ಪ ಕಾಲ ಹಳೆಯ ಮನೆಯನ್ನೇ ತೋರಿಸುವುದು ಇದರಿಂದಲೇ.

ಅನುಮತಿ ವಾಪಸ್ ಪಡೆಯಲು ಬ್ರೌಸರಿನ ಮೇಲೆ ಜಾಲತಾಣದ ವಿಳಾಸ ಕಾಣುವ ಪಟ್ಟಿಯ (ಅಡ್ರೆಸ್ ಬಾರ್) ಎಡತುದಿಯ ಚಿಹ್ನೆ ಒತ್ತಿ, ಲೊಕೇಶನ್ ಎಂಬಲ್ಲಿ ಬ್ಲಾಕ್ ಮಾಡಿ. ನಕ್ಷೆಗೆ ಸ್ಥಳ ಬೇಕು, ಒಪ್ಪೋಣ. ಸುದ್ದಿ ಓದುವ ಪುಟಕ್ಕೆ ಯಾಕೆ ಬೇಕು? ಇಂಥ ಕಡೆ ನನ್ನ ಬೆರಳು ಯೋಚಿಸದೆ 'ಬ್ಲಾಕ್' ಕಡೆಗೇ ಹೋಗುತ್ತದೆ.

ಪ್ರಶ್ನೆ: ನಾನು ಇನ್‌ಕಾಗ್ನಿಟೋ ಕಿಟಕಿಯಲ್ಲಿ ವಿಪಿಎನ್ ಹಾಕಿಕೊಂಡೇ ಕೂರುವವನು. ಆದರೂ ಒಂದೆರಡು ಜಾಲತಾಣಗಳು ನನ್ನನ್ನು ಗುರುತು ಹಿಡಿದಂತಿದೆ. ವಿಪಿಎನ್ ಸರಿಯಿಲ್ಲವೆ? (ಲೆಕ್ಕಪರಿಶೋಧಕ)

ಉತ್ತರ: ವಿಪಿಎನ್ ತನ್ನ ಕೆಲಸ ಮಾಡಿದೆ. ಅದು ಬದಲಿಸುವುದು ಐಪಿ ಸಂಖ್ಯೆ ಒಂದನ್ನೇ. ಇನ್‌ಕಾಗ್ನಿಟೋ ಮಾಡುವುದು ನಿಮ್ಮ ಕಂಪ್ಯೂಟರಿನಲ್ಲಿ ಕುಕಿ (ಜಾಲತಾಣ ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಚೀಟಿ), ಹಿಸ್ಟರಿ (ನೋಡಿದ ಪುಟಗಳ ಪಟ್ಟಿ) ಉಳಿಸದೆ ಇರುವುದು. ಆ ಕಡೆಯವರು ನೋಡುವುದನ್ನು ಅದು ತಡೆಯದು. ಈ ತಪ್ಪು ತಿಳಿವಳಿಕೆ ಎಷ್ಟು ಹಬ್ಬಿದೆ ಎಂದರೆ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆಯೇ ಹೂಡಿದರು. 2024ರ ರಾಜಿಯಲ್ಲಿ ಗೂಗಲ್ ಅಪಾರ ದಾಖಲೆಗಳನ್ನು ಅಳಿಸಲು ಒಪ್ಪಿತು, ಇನ್‌ಕಾಗ್ನಿಟೋ ತೆರೆದಾಗ ಬರುವ ಎಚ್ಚರಿಕೆಯ ಮಾತನ್ನೂ ಸ್ಪಷ್ಟಗೊಳಿಸಬೇಕಾಯಿತು.

ನಿಮ್ಮನ್ನು ಗುರುತು ಹಿಡಿದಿರುವುದು ಬಹುಶಃ ನಿಮ್ಮ ಕಂಪ್ಯೂಟರಿನ ಚಹರೆಯಿಂದ. ಪುಟದೊಳಗಿನ ಸಣ್ಣ ಪ್ರೋಗ್ರಾಂ ಒಂದು ಬ್ರೌಸರನ್ನು ಕೇಳುತ್ತ ಹೋಗುತ್ತದೆ. ಪರದೆ ಎಷ್ಟು ಅಗಲ, ಎಷ್ಟು ಎತ್ತರ? ಪ್ರೊಸೆಸರಿನಲ್ಲಿ ಎಷ್ಟು ಕೋರ್? ಗ್ರಾಫಿಕ್ಸ್ ಕಾರ್ಡ್ ಯಾವುದು? ಗಡಿಯಾರ ಯಾವ ಸಮಯವಲಯದ್ದು? ಯಾವ ಭಾಷೆಯ ಪುಟ ಇಷ್ಟ? ಇದಕ್ಕೆಲ್ಲ ಬ್ರೌಸರ್ ನಿಮ್ಮನ್ನು ಕೇಳದೆಯೇ ಉತ್ತರಿಸುತ್ತದೆ. ವಿಪಿಎನ್ ನಿಮ್ಮನ್ನು ನೆದರ್ಲೆಂಡ್ಸಿನಲ್ಲಿ ಕೂರಿಸಿರುತ್ತದೆ, ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುತ್ತದೆ, ಮೊದಲ ಆಯ್ಕೆಯ ಭಾಷೆ ಕನ್ನಡ! ಹೀಗೆ ಅಡಗಿ ಕೂತವರನ್ನು ಹುಡುಕಲು ಯಾರೂ ಬೆವರಬೇಕಿಲ್ಲ.

ಫಾಂಟುಗಳ ವಿಚಾರ ನನಗೆ ಯಾವಾಗಲೂ ಸೋಜಿಗ. ನಿಮ್ಮಲ್ಲಿರುವ ಫಾಂಟುಗಳ ಪಟ್ಟಿಯನ್ನು ಪುಟ ನೇರವಾಗಿ ಕೇಳುವುದಿಲ್ಲ. ಕಣ್ಣಿಗೆ ಕಾಣದಂತೆ ಒಂದು ಪದವನ್ನು ಇಂಥ ಫಾಂಟಿನಲ್ಲಿ ಬರೆ ಎನ್ನುತ್ತದೆ, ಪದ ಎಷ್ಟು ಅಗಲ ಬಂತು ಎಂದು ಅಳೆಯುತ್ತದೆ. ಆ ಫಾಂಟು ಇಲ್ಲದಿದ್ದರೆ ಬ್ರೌಸರ್ ಬೇರೆಯದನ್ನು ಬಳಸುತ್ತದೆ, ಅಗಲ ಬೇರೆ ಬರುತ್ತದೆ. ಹೀಗೆ ನೂರಾರು ಫಾಂಟಿಗೆ ಕ್ಷಣದಲ್ಲಿ ಅಳತೆ ಮುಗಿಯುತ್ತದೆ. ನುಡಿ, ಬರಹ ಹಾಕಿಕೊಂಡು ಅದರ ಫಾಂಟುಗಳನ್ನೆಲ್ಲ ಇಳಿಸಿಕೊಂಡಿರುವ ನಮ್ಮಂಥವರು ಜಗತ್ತಿನ ಗುಂಪಿನಲ್ಲಿ ಎದ್ದು ಕಾಣುತ್ತೇವೆ.

ಇನ್ನೊಂದು ಉಪಾಯವನ್ನು 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕೇಂದ್ರದ ಇಬ್ಬರು ಸಂಶೋಧಕರು ತೋರಿಸಿಕೊಟ್ಟರು. ಬ್ರೌಸರಿಗೆ ಒಂದು ಸಾಲು ಅಕ್ಷರ, ಒಂದಿಷ್ಟು ಬಣ್ಣ ಬಿಡಿಸಲು ಹೇಳಿ, ಬಿಡಿಸಿದ ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಓದಿಕೊಳ್ಳುವುದು. ಕಣ್ಣಿಗೆ ಎಲ್ಲ ಕಂಪ್ಯೂಟರಿನ ಚಿತ್ರವೂ ಒಂದೇ. ಆದರೆ ಗ್ರಾಫಿಕ್ಸ್ ಕಾರ್ಡ್, ಅದನ್ನು ನಡೆಸುವ ತಂತ್ರಾಂಶ (ಡ್ರೈವರ್), ಅಕ್ಷರದ ಅಂಚನ್ನು ನಯಗೊಳಿಸುವ ರೀತಿ ಬೇರೆಯಾದರೆ ಅಂಚಿನ ಚುಕ್ಕಿಗಳ ಬಣ್ಣ ಒಂದು ಕೂದಲೆಳೆಯಷ್ಟು ಬೇರೆಯಾಗುತ್ತದೆ. ಎರಡೇ ವರ್ಷಕ್ಕೆ, 2014ರಲ್ಲಿ, ಪ್ರಿನ್ಸ್‌ಟನ್ ಮತ್ತು ಬೆಲ್ಜಿಯಮ್ಮಿನ ಲ್ಯೂವೆನ್‌ನ ಸಂಶೋಧಕರು ಹೆಚ್ಚು ಜನ ನೋಡುವ ಒಂದು ಲಕ್ಷ ಜಾಲತಾಣಗಳನ್ನು ಜಾಲಾಡಿದರು, ಶೇ. 5.5ರಷ್ಟು ಕಡೆ ಇದು ನಡೆಯುತ್ತಿತ್ತು. ಬಹುಪಾಲು ಒಂದೇ ಕಂಪನಿಯ 'ಹಂಚಿಕೊಳ್ಳಿ' ಗುಂಡಿಯ ಮೂಲಕ.

ಇದರಲ್ಲಿ ಒಂದೊಂದೂ ಬಿಡಿಯಾಗಿ ಏನೂ ಅಲ್ಲ. ನಿಮ್ಮಷ್ಟೇ ಅಗಲದ ಪರದೆ ಲಕ್ಷಾಂತರ ಜನರಲ್ಲಿದೆ. ಎಲ್ಲ ಸೇರಿದಾಗ ಮಾತ್ರ ಆ ಜೋಡಣೆ ಅಪರೂಪವಾಗುತ್ತದೆ. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ 4,70,161 ಬ್ರೌಸರುಗಳನ್ನು ಹೋಲಿಸಿದಾಗ ಶೇ. 83.6ರಷ್ಟಕ್ಕೆ ಜೋಡಿಯೇ ಸಿಗಲಿಲ್ಲ. ಆದರೆ ಇದನ್ನು ಹಿಡಿದು ತೀರಾ ಗಾಬರಿಯಾಗಬೇಡಿ. ಅವರ ಪರೀಕ್ಷೆಗೆ ಬಂದವರು ಗೌಪ್ಯದ ಬಗ್ಗೆ ತಲೆಕೆಡಿಸಿಕೊಂಡವರು, ಏನೇನೋ ಬದಲಾಯಿಸಿಕೊಂಡವರು. 2018ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನ ಜನಸಾಮಾನ್ಯರು ಬಳಸುವ ಒಂದು ಜಾಲತಾಣದಿಂದ 20 ಲಕ್ಷಕ್ಕೂ ಹೆಚ್ಚು ಚಹರೆ ತೆಗೆದುಕೊಂಡಿತು. ಅಲ್ಲಿ ಒಂಟಿಯಾಗಿ ನಿಂತವು ಶೇ. 33.6 ಮಾತ್ರ.

ಹಾಗಾಗಿ ನನ್ನ ಸಲಹೆ ನಿಮಗೆ ರುಚಿಸಲಿಕ್ಕಿಲ್ಲ: ಗೌಪ್ಯಕ್ಕೆಂದು ಬ್ರೌಸರಿಗೆ ಹತ್ತು ಎಕ್ಸ್‌ಟೆನ್ಶನ್ (ಹೆಚ್ಚುವರಿ ಸಣ್ಣ ಸಲಕರಣೆ) ಹಾಕಿಕೊಳ್ಳಬೇಡಿ. ಹಾಕಿದಷ್ಟೂ ನೀವು ಇತರರಿಗಿಂತ ಬೇರೆಯಾಗುತ್ತೀರಿ. ಫೈರ್‌ಫಾಕ್ಸ್, ಸಫಾರಿ, ಬ್ರೇವ್ ಈ ಚಹರೆ ತೆಗೆಯುವುದಕ್ಕೆ ತಕ್ಕಮಟ್ಟಿಗೆ ಅಡ್ಡಿ ಮಾಡುತ್ತವೆ, ಅವುಗಳಲ್ಲೊಂದನ್ನು ಇದ್ದ ಹಾಗೆ ಬಳಸಿ. ಪೂರ್ತಿ ಮರೆಯಾಗಬೇಕೆಂದರೆ ಟಾರ್ ಬ್ರೌಸರ್ ಇದೆ. ಅದು ಎಲ್ಲರ ಗಡಿಯಾರವನ್ನೂ ಒಂದೇ ಸಮಯವಲಯದಲ್ಲಿ ತೋರಿಸುತ್ತದೆ, ಕಿಟಕಿಯ ಅಳತೆಯನ್ನೂ ನಿಖರವಾಗಿ ಹೇಳದೆ ಹತ್ತಿರದ ಸರಳ ಸಂಖ್ಯೆಗೆ ಇಳಿಸಿ ಹೇಳುತ್ತದೆ. ನಿಧಾನ, ಹಲವು ಜಾಲತಾಣಗಳು ಅದನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತವೆ. ಇನ್ನೊಂದು ಮಾತು. ವಿಪಿಎನ್ ಹಾಕಿಕೊಂಡು ನಿಮ್ಮದೇ ಖಾತೆಗೆ ಲಾಗಿನ್ ಆದರೆ ಈ ಯಾವ ಪತ್ತೇದಾರಿಯೂ ಬೇಕಿಲ್ಲ, ಹೆಸರನ್ನು ನೀವೇ ಬರೆದುಕೊಟ್ಟಂತಾಯಿತು.

ಪ್ರಶ್ನೆ: ಫೋನಿನ ಬ್ಯಾಟರಿ ಎಷ್ಟಿದೆ ಎಂದೂ ಜಾಲತಾಣಕ್ಕೆ ತಿಳಿಯುತ್ತದಂತೆ, ನಿಜವೆ? (ಒಂಬತ್ತನೇ ತರಗತಿ)

ಉತ್ತರ: ನಿಜ ಕಣಪ್ಪ, ಕ್ರೋಮ್‌ನಲ್ಲಾದರೆ. ಚಾರ್ಜ್ ಕಡಿಮೆ ಇದ್ದಾಗ ಹಗುರವಾದ ಪುಟ ಕಳಿಸಲಿ ಎಂಬ ಒಳ್ಳೆಯ ಉದ್ದೇಶದಿಂದ ತಂದದ್ದು. ಅದನ್ನೂ ಜನರನ್ನು ಬೆನ್ನುಹತ್ತಲು ಬಳಸಬಹುದೆಂದು 2015ರಲ್ಲಿ ಸಂಶೋಧಕರು ತೋರಿಸಿದರು. ಫೈರ್‌ಫಾಕ್ಸ್ 2017ರಲ್ಲಿ ಕಿತ್ತುಹಾಕಿತು. ಐಫೋನಿನ ಸಫಾರಿ ಕೊಡುವುದಿಲ್ಲ.

ಪ್ರಶ್ನೆ: ಪುಟ ತೆರೆದ ಮಾತ್ರಕ್ಕೆ ನನ್ನ ಫೈಲು, ಫೋಟೋ, ಫೋನ್ ನಂಬರ್, ಹಿಂದೆ ನೋಡಿದ ಪುಟಗಳು ಕಾಣುತ್ತವೆಯೆ? (ಅಂಗಡಿ ಮಾಲೀಕರು)

ಉತ್ತರ: ಇಲ್ಲ. ಫೈಲನ್ನು ನೀವಾಗಿ ಆರಿಸಿ ಕೊಡಬೇಕು. ಕೊಡುವಾಗ ಮಾತ್ರ ಒಂದು ಗಮನ: ಮೊಬೈಲಿನಲ್ಲಿ ತೆಗೆದ ಫೋಟೋದೊಳಗೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಅಡಗಿರಬಹುದು, ಕ್ಯಾಮೆರಾ ಸೆಟ್ಟಿಂಗಿನಲ್ಲಿ ಅದನ್ನು ಆಫ್ ಮಾಡಿಡಿ. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿಗೆ ಇರುವ ಗುರುತಿನ ಸಂಖ್ಯೆ (ಇದನ್ನು ಮ್ಯಾಕ್ ಸಂಖ್ಯೆ ಎನ್ನುತ್ತಾರೆ, ಆಪಲ್‌ನ ಮ್ಯಾಕ್‌ಗೂ ಇದಕ್ಕೂ ಸಂಬಂಧವಿಲ್ಲ) ನಿಮ್ಮ ರೌಟರ್ ದಾಟಿ ಹೋಗುವುದೇ ಇಲ್ಲ. ಹಿಸ್ಟರಿಯ ವಿಷಯದಲ್ಲಿ ಹಿಂದೊಂದು ಕಿಂಡಿ ಇತ್ತು. ನೋಡಿದ ಲಿಂಕ್ ನೇರಳೆ, ನೋಡದ್ದು ನೀಲಿ ಆಗುತ್ತದಲ್ಲ, ಆ ಬಣ್ಣವನ್ನು ಪುಟವೇ ಓದಿಕೊಂಡು ನೀವು ಎಲ್ಲೆಲ್ಲಿ ಹೋಗಿದ್ದಿರಿ ಎಂದು ಊಹಿಸುತ್ತಿತ್ತು. 2010ರಲ್ಲಿ ಮೊಜಿಲ್ಲಾದವರು ಅದಕ್ಕೆ ಪರಿಹಾರ ಸೂಚಿಸಿದರು, ಉಳಿದ ಬ್ರೌಸರುಗಳೂ ಅದೇ ದಾರಿ ಹಿಡಿದವು. ಮೊಬೈಲ್ ಆ್ಯಪ್‌ಗಳ ಕಥೆ ಬೇರೆ, ಅವಕ್ಕೆ ನೀವು ಕೊಡುವ ಅನುಮತಿಗಳು ಹೆಚ್ಚು. ಅದನ್ನು ಇನ್ನೊಮ್ಮೆ ನೋಡೋಣ.

ಪ್ರಶ್ನೆ: ಸಣ್ಣದೊಂದು ಜಾಲತಾಣ ನಡೆಸುತ್ತೇನೆ. ಸಂಪರ್ಕ ಪುಟದ ಮೂಲಕ ಯಾರೋ ಅಸಹ್ಯವಾದ ಬೆದರಿಕೆ ಕಳಿಸುತ್ತಿದ್ದಾರೆ. ಲಾಗ್‌ನಲ್ಲಿ ಐಪಿ ಸಿಕ್ಕಿದೆ. ಇದನ್ನು ಎಲ್ಲರೆದುರು ಹಾಕಿ ಬಯಲು ಮಾಡಲೇ? (ಕರಕುಶಲ ವಸ್ತು ಮಾರುವವರು)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಅದು ಮೊಬೈಲಿನ ಸಂಖ್ಯೆಯಾದರೆ ಆ ಕ್ಷಣದಲ್ಲಿ ಅದರ ಹಿಂದೆ ನೂರಾರು ಮಂದಿ ಇರಬಹುದು. ನಾಳೆ ಅದೇ ಸಂಖ್ಯೆ ನಿಮ್ಮ ಒಳ್ಳೆಯ ಗಿರಾಕಿಯೊಬ್ಬರ ಪಾಲಿಗೂ ಬರಬಹುದು.

ಆ ಹೊತ್ತಿಗೆ ಆ ಸಂಖ್ಯೆ ಯಾರ ಕೈಯಲ್ಲಿತ್ತು ಎಂದು ಹೇಳಬಲ್ಲವರು ಅದನ್ನು ಕೊಟ್ಟ ಇಂಟರ್ನೆಟ್ ಕಂಪನಿಯವರು. ಅವರು ನಿಮಗೂ ಹೇಳುವುದಿಲ್ಲ, ನನಗೂ ಹೇಳುವುದಿಲ್ಲ. ಕಾನೂನಿನ ಪ್ರಕಾರ ಕೇಳಿದ ಪೊಲೀಸರಿಗೆ ಹೇಳುತ್ತಾರೆ. ದೂರು ಕೊಡಿ. ಬೆದರಿಕೆಯ ಪಠ್ಯದ ಜೊತೆಗೆ ಆ ಲಾಗ್ ಸಾಲುಗಳನ್ನು ಒಂದಕ್ಷರ ತಿದ್ದದೆ ಇಟ್ಟುಕೊಳ್ಳಿ. ನಿಮ್ಮ ಜಾಲತಾಣಕ್ಕೆ ಸರ್ವರಿನಲ್ಲಿ ಜಾಗ ಕೊಟ್ಟ ಹೋಸ್ಟಿಂಗ್ ಕಂಪನಿ ಹಳೆಯ ಲಾಗ್‌ಗಳನ್ನು ತಾನಾಗಿ ಅಳಿಸುತ್ತಿರುತ್ತದೆ, ಆದ್ದರಿಂದ ಇವತ್ತೇ ಇಳಿಸಿಕೊಳ್ಳಿ.

ಒಂದೇ ಐಪಿ ಹಿಂದೆ ಹಲವರಿರುವಾಗ ಇಂಟರ್ನೆಟ್ ಕಂಪನಿಗೆ ಐಪಿ ಒಂದೇ ಸಾಲದು. ಆ ಕಡೆಯ ಪೋರ್ಟ್ ಸಂಖ್ಯೆಯೂ (ಒಂದೇ ಐಪಿಯ ಹಿಂದಿನ ಸಂಪರ್ಕಗಳನ್ನು ಬೇರ್ಪಡಿಸುವ ಸಂಖ್ಯೆ) ಬೇಕು, ಸೆಕೆಂಡಿನವರೆಗಿನ ಸಮಯವೂ ಬೇಕು. ಸಾಮಾನ್ಯ ಲಾಗ್‌ನಲ್ಲಿ ಪೋರ್ಟ್ ಬರೆದಿರುವುದಿಲ್ಲ. ಅದನ್ನೂ ಸೇರಿಸುವಂತೆ ಈಗಲೇ ನಿಮ್ಮ ಹೋಸ್ಟಿಂಗ್‌ನವರಿಗೆ ಹೇಳಿ, ಮುಂದಿನ ಬೆದರಿಕೆ ಬಂದರೆ ಕೆಲಸಕ್ಕೆ ಬರುತ್ತದೆ. ಹಾಗೆಯೇ ಸರ್ವರಿನ ಗಡಿಯಾರ ಸರಿಯಿದೆಯೇ, ಅದು ಯಾವ ಸಮಯವಲಯದಲ್ಲಿ ಬರೆಯುತ್ತಿದೆ ಎಂದು ಕೇಳಿ ದೂರಿನಲ್ಲಿ ನಮೂದಿಸಿ. ಗಡಿಯಾರ ಎರಡು ನಿಮಿಷ ಹಿಂದಿದ್ದರೂ ಪೊಲೀಸರು ಬೇರೆ ಯಾರದೋ ಮನೆಗೆ ಹೋಗುತ್ತಾರೆ.